ಗುರುಬಸವ್ವನ ಬಿಡುಗಡೆ

ಟೊರಾಂಟೊ ಬಳಿಯ ಬ್ರ್ಯಾಂಪ್ಟನ್ನಿನ ಆ ಹಳೇ ಚರ್ಚನ್ನು ಕಟ್ಟಿದವರು ಅಮೆರಿಕದಿಂದ ಓಡಿಬಂದ ಗುಲಾಮರಿಗೆ ಆಸರೆ ಕೊಟ್ಟಿದ್ದರು. ಗುಲಾಮಗಿರಿ ದೇವರ ಮುಂದೆ ಪಾಪ ಎಂದು ಊರೂರು ತಿರುಗಿ ಸಾರಿದ್ದರು. ಅವರ ನೆನಪಿಗೆ ಆಗಸ್ಟ್ ಮೊದಲ ಭಾನುವಾರ ಅಲ್ಲಿ ವಿಶೇಷ ಆರಾಧನೆ. ಅದೇ ಚರ್ಚಿನಲ್ಲಿ ಸೇರುವ ಧಾರವಾಡ ಕಡೆಯ ಕನ್ನಡ ಕ್ರೈಸ್ತರ ಸಭೆಯೂ ಆ ದಿನ ಕೂಡಿಕೊಳ್ಳುತ್ತಿತ್ತು. ಈ ಸಲ ಬೈಬಲ್ಲಿನಿಂದ ಸೆರೆಯವರ ಬಿಡುಗಡೆಯ ಪಾಠ ಓದಿದವನು ಸಭೆಯ ಹಿರಿಯ ಆನಂದಕುಮಾರ. ಓದುವಾಗ ಅವನು ಎರಡು ಸಲ ನಿಂತು ಕಣ್ಣೊರೆಸಿಕೊಂಡ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಪ್ರವೀಣಕುಮಾರನ ಹೆಂಡತಿ ನೇತ್ರಾ ಚರ್ಚಿನ ಅಡುಗೆಮನೆಗೆ ಹೋದಳು. ಗುರುಬಸವ್ವ ಒಬ್ಬಳೇ ಪಾತ್ರೆ ತಿಕ್ಕುತ್ತಿದ್ದಳು. ಮರೆವಿನ ಕಾಯಿಲೆಯ ತನ್ನ ತಾಯಿಯನ್ನು ನೋಡಿಕೊಳ್ಳಲು ಆನಂದಕುಮಾರ ಆಕೆಯನ್ನು ನವಲಗುಂದದಿಂದ ಓಕ್‌ವಿಲ್‌ನ ತನ್ನ ಮನೆಗೆ ಕರೆಸಿಕೊಂಡಿದ್ದ. ಆಕೆಯ ಮುಂಗೈ ಸುಟ್ಟು ಕೀವಾಗಿತ್ತು.

“ಏನಾತ್ರಿ ಗುರುಬಸವ್ವಾರ?”

“ಎಣ್ಣಿ ಸಿಡೀತ್ರಿ.” ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಅಕ್ಕಾರ, ನನ್ನ ಪಾಸ್‌ಪೋರ್ಟ್ ಸಾಹೇಬ್ರ ಕಡೆ ಐತಿ. ಊರಿಗೆ ಕಳಸ್ರಿ ಅಂದ್ರ, ಹೊರಗ ಕಾಲಿಟ್ರ ಪೊಲೀಸ್ರು ಹಿಡೀತಾರ ಅಂತಾರ. ಬಸುರಿ ಮಗಳನ್ನ ಬಿಟ್ಟು ಬಂದೇನಿ. ಆಕಿ ಜೋಡಿ ಮಾತಾಡಾಕ ಫೋನೂ ಕೊಡವಲ್ರು.”

ಮನೆಗೆ ಹೋಗುವಾಗ ನೇತ್ರಾ ಗಂಡನಿಗೆ ಎಲ್ಲವನ್ನೂ ಹೇಳಿದಳು.

“ಆನಂದಕುಮಾರ ಇಲ್ದಿದ್ರ ನಮ್ಮ ಸಭೆನ ಇಲ್ಲ,” ಎಂದ ಪ್ರವೀಣಕುಮಾರ. “ಅವರ ಮನೀ ವಿಷಯ ಅದು. ಪ್ರಾರ್ಥನಾ ಮಾಡೋಣು.”

“ಬರೇ ಪ್ರಾರ್ಥನಾ ಮಾಡಿದ್ರ ಆ ಗುಲಾಮರು ಬಿಡುಗಡಿ ಆಗ್ತಿದ್ರೇನ್ರಿ?”

ಅವನು ಕಾರಿನ ರೇಡಿಯೊ ಹಚ್ಚಿದ.

ಎರಡು ದಿನ ಬಿಟ್ಟು ನೇತ್ರಾ ಒಬ್ಬಳೇ ಓಕ್‌ವಿಲ್‌ಗೆ ಹೋದಳು. ಆನಂದಕುಮಾರ ದಂಪತಿ ಕೆಲಸಕ್ಕೆ ಹೋಗಿದ್ದರು.

“ನಡೀರಿ, ಹೋಗೋಣು,” ಎಂದಳು.

ಗುರುಬಸವ್ವ ಒಳಗೆ ಕೂತಿದ್ದ ಮುದುಕಿಯನ್ನು ತೋರಿಸಿದಳು. “ಈಕಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಬರ್ಲಿರಿ? ಒಲಿ ಹಚ್ಚಿಬಿಡ್ತಾಳ.”

ಹಾಗಾಗಿ ಇಬ್ಬರೂ ಕಾದರು. ನೇತ್ರಾ ತನ್ನ ಫೋನ್ ಕೊಟ್ಟು ಮಗಳ ಮನೆಗೆ ಹಚ್ಚಿಸಿದಳು. ಎತ್ತಿಕೊಂಡವನು ಅಳಿಯ.

“ಶಾಂತವ್ವಗ ಕೊಡಪಾ,” ಎಂದಳು ಗುರುಬಸವ್ವ.

“ಈಗ ನೆನಪಾತೇನು ಅತ್ತಿ?” ಅವನ ದನಿ ಒಡೆಯಿತು. “ಉಗಾದಿ ಮುಂದ ಹಡಿಯೂವಾಗ ಹೋದ್ಲು. ಕೂಸೂ ಉಳೀಲಿಲ್ಲ. ಅವತ್ತ ನಿಮ್ಮ ಸಾಹೇಬ್ರಿಗೆ ಹೇಳೇನಿ. ನಿಮಗ ಬರಾಕ ಆಗಂಗಿಲ್ಲ ಅಂದ್ರು.”

ಗುರುಬಸವ್ವ ನೆಲದ ಮೇಲೆ ಕುಸಿದು ಕೂತಳು. ಅಳು ಬರಲಿಲ್ಲ. ಮುದುಕಿ ನೀರು ಕೇಳಿದಾಗ ಎದ್ದು ಕುಡಿಸಿ, ಬಾಯಿ ಒರೆಸಿ, ಮತ್ತೆ ಅಲ್ಲೇ ಕೂತಳು.

ಆನಂದಕುಮಾರನ ಹೆಂಡತಿ ಚೈತನ್ಯಾ ಸಂಜೆ ಬಂದು ವಿಷಯ ತಿಳಿದು ಬೆವೆತಳು. “ಹೇಳಿದ್ರ ಅಕಿ ಹೊಂಟುಬಿಡ್ತಿದ್ಲು ನೇತ್ರಾ. ಅತ್ತಿನ್ನ ಯಾರು ನೋಡ್ಕೋಬೇಕಿತ್ತು? ಅಕಿನ್ನ ಫ್ಯಾಮಿಲಿ ಹಂಗ ಇಟ್ಕೊಂಡೇವಿ.”

“ಮನಿಯಾಕಿ ಆಗಿದ್ರ ಹೇಳ್ತಿದ್ರಿ, ಅವ್ವಾ,” ಎಂದಳು ಗುರುಬಸವ್ವ. ಉಟ್ಟ ಸೀರೆಯಲ್ಲೇ ಹೊರಗೆ ನಡೆದಳು.

ನೇತ್ರಾ ಪೊಲೀಸರಿಗೆ ದೂರು ಕೊಟ್ಟಳು. ಮನೆ ಮಾತು ಬೀದಿಗೆ ತಂದಳೆಂದು ಸಭೆ ಅವಳ ಮೇಲೆ ಸಿಟ್ಟಾಯಿತು. ಎಲ್ಲರೆದುರು ಅವಳು ಕ್ಷಮೆ ಕೇಳಬೇಕೆಂದು ಹಿರಿಯರು ಪಟ್ಟು ಹಿಡಿದರು. ಪ್ರವೀಣಕುಮಾರ ಆಗ ಎದ್ದು, “ಅಕಿ ಕೇಳಂಗಿಲ್ಲ,” ಎಂದ. ಮುಂದಿನ ವಾರಕ್ಕೆ ಸಭೆ ಬೇರೆ ಸಭಾಂಗಣಕ್ಕೆ ಹೋಯಿತು, ಬೇರೆ ಪಾಸ್ಟರನ್ನು ಹುಡುಕಿಕೊಂಡಿತು. ಪ್ರವೀಣಕುಮಾರ ವೇರ್‌ಹೌಸ್ ಕೆಲಸಕ್ಕೆ ಸೇರಿದ.

ಗುರುಬಸವ್ವ ಸಾಕ್ಷಿ ಹೇಳುವವರೆಗೆ ಟೊರಾಂಟೊದ ಆಶ್ರಯಧಾಮದಲ್ಲಿ ಉಳಿದಳು. ಎರಡನೇ ಚಳಿಗಾಲದಲ್ಲಿ ಆನಂದಕುಮಾರನಿಗೆ ಶಿಕ್ಷೆಯಾಯಿತು. ಆಮೇಲೆ ಆಕೆ ಊರಿಗೆ ಹೋದಳು.

ಊರು ಮುಟ್ಟಿದ ವಾರದಲ್ಲೇ ನೇತ್ರಾಗೆ ಆಕೆಯ ಫೋನ್ ಬಂತು.

“ಅಳಿಯಾ ಬ್ಯಾರೆ ಲಗ್ನಾಗಿ ಊರು ಬಿಟ್ಟಾನ್ರಿ ಅಕ್ಕಾರ. ನನ್ನ ಮಗಳನ್ನ ಮಣ್ಣು ಮಾಡಿದ ಕುಣಿ ಯಾವುದಂತ ಯಾರಿಗೂ ಗುರುತಿಲ್ಲ. ಮಳಿಗೆ ಎಲ್ಲಾ ಒಂದ ಸಮ ಆಗ್ಯಾವ. ಎಲ್ಲಾದಕ್ಕೂ ನೀರು ಬಿಟ್ಟು ಬಂದೆ.”