ಗಿಡ್ಡವಾದ ನಲವತ್ತು ಪ್ಯಾಂಟುಗಳು

ಮೂವತ್ತು ವರ್ಷಗಳಲ್ಲಿ ನನ್ನ ಅಂಗಡಿಯಿಂದ ಹೋದ ಒಂದು ಬಟ್ಟೆಯೂ ಸರಿಯಿಲ್ಲವೆಂದು ವಾಪಸ್ ಬಂದಿರಲಿಲ್ಲ. ಆ ಜಂಬ ಸೋಮವಾರ ಬೆಳಿಗ್ಗೆ ಇಳಿಯಿತು. ಐದನೇ ತರಗತಿಗೆ ಹೊಲಿದುಕೊಟ್ಟ ನಲವತ್ತು ಸಮವಸ್ತ್ರದ ಪ್ಯಾಂಟುಗಳು ಮಕ್ಕಳ ಮೈಮೇಲೆಯೇ, ತಾಯಂದಿರ ಸಮೇತ ಅಂಗಡಿಯ ಮೆಟ್ಟಿಲೇರಿದವು. ಎಲ್ಲವೂ ಎರಡಿಂಚು ಗಿಡ್ಡ.

"ಏನ್ ಮಾಸ್ಟ್ರೇ, ಉಳಿಸಿದ ಬಟ್ಟೇಲಿ ನಿಮ್ಮನೆ ಕಿಟಕಿಗೆ ಪರದೆ ಹೊಲಿದ್ರಾ?" ಎಂದಳು ಒಬ್ಬಳು. ಉಳಿದವರು ಅಷ್ಟು ಮರ್ಯಾದೆಯಿಂದ ಮಾತಾಡಲಿಲ್ಲ.

ಸಿಟ್ಟು ನೆತ್ತಿಗೇರಿತು. ಹೆಂಡತಿಯ ಮೇಲೆ ಹರಿಹಾಯ್ದೆ, ಏಕೆಂದರೆ ಕತ್ತರಿಸುವವಳು ಅವಳು. ಅವಳು ಸುಮ್ಮನಿರುವ ಪೈಕಿಯೇ ಅಲ್ಲ. ಅಳತೆಯ ರಟ್ಟನ್ನು ತಂದು ಮೇಜಿನ ಮೇಲೆ ಕುಕ್ಕಿದಳು.

"ನಿಮ್ಮ ರಟ್ಟಿಟ್ಟೇ ಗೀಟು ಹಾಕಿ ಕತ್ತರಿಸಿದ್ದೀನಿ ರೀ. ಮಕ್ಕಳ ಅಳತೆ ತಗೊಳ್ಳಿ ಅಂತ ಬಡ್ಕೊಂಡೆ, ಕೇಳಿದ್ರಾ?"

ಕೇಳಿರಲಿಲ್ಲ. ಪ್ರತಿವರ್ಷ ಒಂದೊಂದು ಮಗುವನ್ನೂ ನಿಲ್ಲಿಸಿ ಟೇಪು ಹಿಡಿಯುತ್ತಿದ್ದವನು ನಾನು. ಈ ಸಲ ನಮ್ಮ ಶಾಲೆಯವರೂ ಸೇತುವೆಯಾಚೆಯ ಶಾಲೆಯವರೂ ಹತ್ತೇ ದಿನದ ಗಡುವು ಕೊಟ್ಟಿದ್ದರು. ಸೋಮಾರಿತನ ಎನ್ನಿ, ಅಟ್ಟದ ಮೇಲಿದ್ದ ಹಳೆಯ ರಟ್ಟು ಇಳಿಸಿದೆ. ಹಿಂದೊಮ್ಮೆ ಎರಡೂ ಶಾಲೆಗಳ ಐದನೇ ತರಗತಿಯ ಮಕ್ಕಳನ್ನೆಲ್ಲ ಅಳೆದು, ಸರಾಸರಿ ತೆಗೆದು ಮಾಡಿಟ್ಟಿದ್ದ ರಟ್ಟು ಅದು. ಆಗ ಎರಡೂ ಕಡೆಯ ಮಕ್ಕಳು ಹೆಚ್ಚುಕಡಿಮೆ ಒಂದೇ ಎತ್ತರವಿದ್ದರು.

ಆ ಗದ್ದಲದ ನಡುವೆಯೇ ನನ್ನ ತಂಗಿ ಬಂದಳು. ನಮ್ಮ ವಾರ್ಡಿನ ತಾಯಿ-ಮಕ್ಕಳ ಕೇಂದ್ರದ ನರ್ಸ್ ಅವಳು. ಹದಿನೈದು ವರ್ಷದ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಅದನ್ನು ಶುರುಮಾಡಿದಾಗಿನಿಂದ ಬಸುರಿಯರ ಬೆನ್ನುಬಿದ್ದು ಮಾತ್ರೆ ನುಂಗಿಸಿದ್ದಾಳೆ, ಮಕ್ಕಳಿಗೆ ಹಾಲು, ಮೊಟ್ಟೆ, ಲಸಿಕೆ ತಪ್ಪದಂತೆ ನೋಡಿದ್ದಾಳೆ, ನಲ್ಲಿಯಲ್ಲಿ ಶುದ್ಧ ನೀರು ಬರುವವರೆಗೂ ನಗರಸಭೆಯವರ ತಲೆ ತಿಂದಿದ್ದಾಳೆ. ಈಗ ಅವಳ ಕೈಯಲ್ಲಿ ನಗರಸಭೆಯ ಒಂದು ವರದಿ ಇತ್ತು. ಹದಿನೈದು ವರ್ಷಗಳಲ್ಲಿ ಈ ವಾರ್ಡಿನ ಜನರ ಆದಾಯ ಏರಿಲ್ಲ, ಅಭಿವೃದ್ಧಿ ಸೊನ್ನೆ, ಕೇಂದ್ರ ಮುಚ್ಚಬಹುದು ಎಂದು ಬರೆದಿತ್ತು. ಗುರುವಾರದ ಸಭೆಯಲ್ಲಿ ತೀರ್ಮಾನ.

"ಸೊನ್ನೆಯಂತೆ ಅಣ್ಣ," ಎಂದು ಸ್ಟೂಲಿನ ಮೇಲೆ ಕುಸಿದಳು. ಆಮೇಲೆ ಸುತ್ತಲೂ ಕಣಕಾಲು ತೋರಿಸಿಕೊಂಡು ನಿಂತ ಮಕ್ಕಳನ್ನು ನೋಡಿ ಅಷ್ಟು ಸಂಕಟದಲ್ಲೂ ನಕ್ಕಳು. ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಈ ರಟ್ಟು ಯಾವಾಗಿನದು?"

"ನೀನು ಕೇಂದ್ರ ಶುರುಮಾಡಿದ ವರ್ಷದ್ದು."

"ಸೇತುವೆಯಾಚೆ ಶಾಲೆಗೂ ಇದೇ ರಟ್ಟಾ? ಅಲ್ಲಿಂದ ಎಷ್ಟು ವಾಪಸ್ ಬಂತು?"

"ಒಂದೂ ಇಲ್ಲ. ಎಲ್ಲ ಸರಿಯಾಗಿ ಕೂತಿದೆ ಅಂತ ಹೆಡ್ ಮೇಡಂ ಚೀಟಿ ಬರೆದು ಕಳಿಸಿದ್ದಾರೆ."

ಹೆಂಡತಿ ನನ್ನ ಮುಖ ನೋಡಿದಳು, ತಂಗಿ ಅವಳ ಮುಖ ನೋಡಿದಳು. ನನಗೆ ಹೊಳೆಯಲು ಇನ್ನೊಂದು ಗಳಿಗೆ ಬೇಕಾಯಿತು. "ಆ ಪ್ಯಾಂಟುಗಳನ್ನ ಮುಟ್ಟಬೇಡ ಅಣ್ಣ," ಎಂದಳು ತಂಗಿ. "ಗುರುವಾರದ ತನಕ ಹಾಗೇ ಇರಲಿ."

ನಗರಸಭೆಯ ಸಭಾಂಗಣದಲ್ಲಿ ವರದಿ ಬರೆದ ಅಧಿಕಾರಿ ಸೇತುವೆಯಾಚೆಯ ವಾರ್ಡನ್ನೇ ಎತ್ತಿಹಿಡಿದರು. ಅಲ್ಲಿ ದೊಡ್ಡ ಗೋದಾಮುಗಳು ಬಂದಿವೆ, ಕೇಂದ್ರ ಗೀಂದ್ರ ಏನೂ ಇಲ್ಲದೆ ಆದಾಯ ಇಮ್ಮಡಿಯಾಗಿದೆ ಎಂದರು. ತಂಗಿ ಮಕ್ಕಳ ತೂಕ ಬರೆದಿಟ್ಟ ತನ್ನ ಪುಸ್ತಕ ಮುಂದಿಟ್ಟಳು. "ಇದು ನೀವೇ ಬರ್ಕೊಂಡಿರೋದಲ್ವಾ?" ಎಂದು ಅಧಿಕಾರಿ ಅದನ್ನು ಪಕ್ಕಕ್ಕೆ ಸರಿಸಿದರು.

ನಾನು ಎದ್ದೆ. ನನ್ನ ಗಿರಾಕಿಗಳೆಲ್ಲ ಅಲ್ಲಿದ್ದರು.

"ಸಾರ್, ನಾನು ಟೈಲರ್. ಈ ವರ್ಷ ಅಳತೆ ತಗೊಳ್ಳದೆ ಕಣ್ಮುಚ್ಚಿ ಹೊಲಿದೆ. ತಪ್ಪು ನಂದೇ. ಹದಿನೈದು ವರ್ಷದ ಹಿಂದಿನ ರಟ್ಟು ಎರಡೂ ಶಾಲೆಗೆ ಇಟ್ಟೆ. ನಿಮ್ಮ ಇಮ್ಮಡಿ ವಾರ್ಡಿನ ಮಕ್ಕಳಿಗೆ ಅದು ಇವತ್ತೂ ಸರಿಯಾಗಿ ಕೂತಿದೆ, ಚೀಟಿ ಇಲ್ಲಿದೆ. ನಿಮ್ಮ ಸೊನ್ನೆ ವಾರ್ಡಿನ ಮಕ್ಕಳು ಒಳಗೆ ಬರ್ತಾರೆ, ನೀವೇ ನೋಡಿ."

ನಲವತ್ತು ಮಕ್ಕಳು ಸಾಲಾಗಿ ಬಂದರು. ಎಲ್ಲರೂ ತಂಗಿಯ ಕೇಂದ್ರದ ಹಾಲು ಕುಡಿದು ಬೆಳೆದವರೇ. ನಗರಸಭೆಯ ಅಧ್ಯಕ್ಷೆ ಕುರ್ಚಿ ಬಿಟ್ಟು ಬಂದು ನನ್ನ ಕೈಯಿಂದ ಟೇಪು ತೆಗೆದುಕೊಂಡು ಮೊದಲನೇ ಹುಡುಗಿಯನ್ನು ಅಳೆಯತೊಡಗಿದರು. ಅಧಿಕಾರಿಗೆ ತಡೆಯಲಾಗಲಿಲ್ಲ.

"ಏ ಹುಡುಗಿ, ಹಿಮ್ಮಡಿ ಎತ್ತಬೇಡ!"

"ಎತ್ತಿಲ್ಲ ಸಾರ್. ಕಾಣಲ್ವಾ?"

ಕಾಣುತ್ತಿತ್ತು. ಪ್ಯಾಂಟು ಅಷ್ಟು ಗಿಡ್ಡವಾಗಿತ್ತು. ಎರಡು ಹಿಮ್ಮಡಿಗಳೂ ನೆಲಕ್ಕೆ ಅಂಟಿಕೊಂಡಿರುವುದು ಹಿಂದಿನ ಬೆಂಚಿನವರಿಗೂ ಕಾಣುತ್ತಿತ್ತು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪರದೆಯ ಮಾತಾಡಿದ್ದ ತಾಯಿ ಎದ್ದುನಿಂತು ಚಪ್ಪಾಳೆ ತಟ್ಟಿದಳು. ನನ್ನ ಕಣ್ಣು ಒದ್ದೆಯಾಯಿತು, ಅದನ್ನು ಮುಚ್ಚಿಡುವ ಗೋಜಿಗೆ ನಾನು ಹೋಗಲಿಲ್ಲ.

ಅಧ್ಯಕ್ಷೆ ವರದಿಯಲ್ಲಿದ್ದ ಸೊನ್ನೆಯ ಮೇಲೆ ಅಡ್ಡಗೀಟು ಎಳೆದರು. ಕೇಂದ್ರ ಉಳಿಯಿತು. "ಸೇತುವೆಯಾಚೆಗೂ ಒಂದು ಬೇಕು ಮೇಡಂ, ಆ ಮಕ್ಕಳೇನು ಪಾಪ ಮಾಡಿದ್ದಾರೆ?" ಎಂದು ತಂಗಿ ಪಟ್ಟುಹಿಡಿದಳು. ಅದಕ್ಕೂ ಅಂದೇ ಒಪ್ಪಿಗೆ ಸಿಕ್ಕಿತು. ಅಧಿಕಾರಿ ಹೊರಡುವಾಗ ನನ್ನ ಬಳಿ ಬಂದು, ಆ ರಟ್ಟನ್ನು ಒಮ್ಮೆ ನೋಡಬಹುದೇ ಎಂದು ಮೆಲ್ಲಗೆ ಕೇಳಿದರು. ಕೊಟ್ಟೆ, ಬಹಳ ಹೊತ್ತು ನೋಡಿದರು.

ಮರುದಿನ ಅಂಗಡಿಯ ಮುಂದೆ ನಲವತ್ತು ಮಕ್ಕಳ ಸಾಲು. ನಾನು ಟೇಪು ಹಿಡಿದೆ, ಹೆಂಡತಿ ಬರೆದುಕೊಂಡಳು. ಬಟ್ಟೆಯ ಖರ್ಚು ನನ್ನದೇ, ಆದರೂ ಅಷ್ಟು ಖುಷಿಯಿಂದ ನಾನು ಎಂದೂ ನಷ್ಟ ಮಾಡಿಕೊಂಡಿರಲಿಲ್ಲ. ಹಿಮ್ಮಡಿಯ ಹುಡುಗಿಯ ಸರದಿ ಬಂದಾಗ ಅವಳು ನೆಟ್ಟಗೆ ನಿಂತು ಹೇಳಿದಳು:

"ಮಾಮಾ, ಕೆಳಗೆ ಜಾಸ್ತಿ ಮಡಿಚಿ ಹೊಲೀರಿ. ನಾನು ಇನ್ನೂ ಬೆಳೀತೀನಿ."

ನಾಲ್ಕು ಬೆರಳು ಬಿಟ್ಟೆ.