ಮೊದಲನೇ ಪುಟದ ನ್ಯಾಯ

ವಿಶ್ವವಿದ್ಯಾಲಯದ ಕಬಡ್ಡಿ ಪಂದ್ಯ ಗೆದ್ದಾಗ ತೆಗೆದ ಫೋಟೊ ಅದು. ಮೌನೇಶನ ಕೊರಳಲ್ಲಿ ಹಾರವಿತ್ತು, ಮುಖದ ತುಂಬ ನಗುವಿತ್ತು. ಅಕ್ಕ ನಾಗರತ್ನಾ ಮಾನ್ವಿಯಿಂದ ರಾಯಚೂರಿನ ಪತ್ರಿಕಾ ಕಚೇರಿಗೆ ತಾನೇ ಹೋಗಿ, "ಹಾಕ್ರಿ ಯಣ್ಣಾ" ಎಂದು ದುಂಬಾಲುಬಿದ್ದು ಅದನ್ನು ಕೊಟ್ಟು ಬಂದಿದ್ದಳು. ಆಗ ಜಾಗವಿಲ್ಲ ಎಂದಿದ್ದರು. ಅವನಿದ್ದ ಕಾಲೇಜು ಹಾಸ್ಟೆಲಿನಲ್ಲಿ ಮೊಬೈಲುಗಳು ಕಳುವಾಗಿ, ಪೊಲೀಸರು ಮೌನೇಶನನ್ನೂ ಕರೆದು ವಿಚಾರಿಸಿದ ಮರುದಿನ ಧಾರಾಳವಾಗಿ ಜಾಗ ಸಿಕ್ಕಿತು. ಅದೇ ಫೋಟೊ, ಮೇಲೆ ದಪ್ಪಕ್ಷರದಲ್ಲಿ 'ಕಬಡ್ಡಿ ಕಲಿಯೋ, ಮೊಬೈಲ್ ಕಳ್ಳನೋ?'

ಮಾನ್ವಿ ತಾಲ್ಲೂಕಿನ ಪುಟದಲ್ಲಿ ಬಂದ ಆ ಸುದ್ದಿಯನ್ನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ಅಕ್ಕಿ ಗಿರಣಿಯವರೆಗೆ ಎಲ್ಲರೂ ಬಾಯಿ ಚಪ್ಪರಿಸಿ ಓದಿದರು. ನಾಗರತ್ನಾಳ ಹತ್ತಿರ ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಡುವಾಗ ತಮ್ಮ ಮೊಬೈಲನ್ನು ಸೆರಗಿನೊಳಗೆ ಸೇರಿಸಿಕೊಂಡರು.

ವಾರ ಕಳೆಯುವಷ್ಟರಲ್ಲಿ ನಿಜವಾದ ಕಳ್ಳರು ಸಿಕ್ಕಿಬಿದ್ದರು. ಅವರು ಹಾಸ್ಟೆಲಿನವರೇ ಅಲ್ಲ. ಪೊಲೀಸರು ಮೌನೇಶನಿಗೆ, "ನಿಂದೇನಿಲ್ಲ, ಹೋಗಪಾ" ಎಂದರು. ಪತ್ರಿಕೆಯಲ್ಲಿ ಮಾತ್ರ ಒಂದಕ್ಷರ ಬರಲಿಲ್ಲ. ಇಂಥ ಸುದ್ದಿಗೆ ಆ ಕಚೇರಿಯ ಕಿವಿ ಯಾವಾಗಲೂ ಮಂದ.

ಮೌನೇಶ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪದವಿಯ ಪರೀಕ್ಷೆ ಮುಗಿದಿತ್ತು. ದೇವದುರ್ಗದ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಕಬಡ್ಡಿ ಕಲಿಸುವ ಕೆಲಸ ನಿಕ್ಕಿಯಾಗಿತ್ತು. ಮಾನ್ವಿಯ ಪುಟ ದೇವದುರ್ಗಕ್ಕೆ ಹೋಗುವುದಿಲ್ಲವಾದ್ದರಿಂದ ಅಲ್ಲಿನವರಿಗೆ ಈ ಹಗರಣದ ಗಾಳಿಯೂ ಸೋಕಿರಲಿಲ್ಲ.

"ಬಿಡಕ್ಕಾ, ಸೋಮವಾರ ಹೋಗಿ ಸೇರ್ಕೋತೀನಿ" ಎಂದ.

ನಾಗರತ್ನಾ ಬಿಡುವವಳಲ್ಲ. ರಾಯಚೂರಿನ ಬಸ್ಸು ಹತ್ತಿ ನೇರ ಕಚೇರಿಗೆ ನುಗ್ಗಿದಳು. ಸುದ್ದಿ ಬರೆದ ಕನಕರಾಯ ಚಹಾ ಕುಡಿಯುತ್ತ ಕೂತಿದ್ದ.

"ಕಳ್ಳ ಅಂತ ನಾವೆಲ್ಲಿ ಬರದೀವ್ರಿ? ಕೊನಿಗೆ ಕ್ವಶ್ಚನ್ ಮಾರ್ಕ್ ಹಾಕೀವಲ್ಲ."

"ನಿಮ್ಮ ಮಗನ ಫೋಟೊಕ್ಕ ಹಂಗೊಂದು ಮಾರ್ಕ್ ಹಚ್ಚಿ ಹಾಕ್ರಿ, ನೋಡೂಣು!"

"ಆತು ತಗೋರಿ. ಅದs ಪುಟದಾಗ ಎರಡು ಸಾಲು ಹಾಕ್ತೀನಿ."

"ಮಾನ ತೆಗಿಯಾಕ ಅರ್ಧ ಪುಟ, ತಿರುಗಿ ಕೊಡಾಕ ಎರಡು ಸಾಲೇನು? ಮೊದಲನೇ ಪುಟಕ್ಕ ಹಾಕ್ರಿ. ಫೋಟೊ ಹಾಕ್ರಿ. ಇಡೀ ಜಿಲ್ಲಾ ನೋಡಬೇಕು!"

ಕನಕರಾಯ ಚೌಕಾಸಿ ಮಾಡದೆ ಒಪ್ಪಿಕೊಂಡ. ಅವತ್ತು ಅವನಿಗೂ ಮುಖಪುಟಕ್ಕೆ ಸರಕಿರಲಿಲ್ಲವೇನೋ. ನಾಗರತ್ನಾ ಗೆದ್ದ ಹಿಗ್ಗಿನಲ್ಲಿ ತಮ್ಮನಿಗೆ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಊರಿಗೆ ಬಂದಳು.

ಭಾನುವಾರ ಸುದ್ದಿ ಬಂತು, ಮೊದಲನೇ ಪುಟದಲ್ಲೇ, ಫೋಟೊ ಸಮೇತ: 'ಮೊಬೈಲ್ ಕಳವು: ಕಬಡ್ಡಿ ಆಟಗಾರನಿಗೆ ಕ್ಲೀನ್ ಚಿಟ್'. ನಾಗರತ್ನಾ ಅದನ್ನು ಸ್ಟೇಟಸ್ಸಿಗೆ ಹಾಕಿದಳು, ಓಣಿಯ ತುಂಬ ಓದಿ ಹೇಳಿದಳು. ಲಂಚ ತಿಂದ ಅಧಿಕಾರಿಗೂ ಮರಳು ಹೊಡೆದ ಪುಢಾರಿಗೂ ಪತ್ರಿಕೆಗಳು ಇಷ್ಟು ವರ್ಷ ಹಂಚಿದ್ದು ಇದೇ ಕ್ಲೀನ್ ಚಿಟ್ಟನ್ನು. ಅದು ಸಿಕ್ಕವನನ್ನು ನಮ್ಮ ಜನ ತಪ್ಪಿಲ್ಲದವನೆಂದು ತಿಳಿಯುವುದಿಲ್ಲ, ತಪ್ಪಿಸಿಕೊಂಡವನೆಂದು ತಿಳಿಯುತ್ತಾರೆ. ಆ ಸಂಭ್ರಮದಲ್ಲಿ ಅವಳಿಗೆ ಇದು ಹೊಳೆಯಲೇ ಇಲ್ಲ.

ಸಂಜೆ ಮೌನೇಶ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ದೇವದುರ್ಗದ ಶಾಲೆಯ ಹೆಡ್ಮಾಸ್ತರ ತಾಯಪ್ಪನವರ ಫೋನು ಬಂತು. ನಾಗರತ್ನಾಳೇ ಎತ್ತಿದಳು.

"ಪೇಪರ್ ನೋಡಿದ್ವಿ ಯವ್ವಾ. ಹುಡುಗನ ತಪ್ಪಿಲ್ಲ ಅಂತ ನಾನು ನಂಬ್ತೀನಿ. ಆದ್ರ ಪಾಲಕರು ಬಂದು, ಯಾರ ಕೈಕಾಲು ಹಿಡದು ಪಾರಾಗ್ಯಾನ ಅಂತ ಕೇಳಾಕತ್ತಾರ. ಯಾರ್ಯಾರ ಬಾಯಿ ಮುಚ್ಚಿಸಲಿ? ನಾಳಿ ಕಳಸಬ್ಯಾಡ್ರಿ."

ಅವಳು ಹೇಳಿದ್ದನ್ನು ಕೇಳಿ ಮೌನೇಶ ಕೈಯಲ್ಲಿದ್ದ ಅಂಗಿಯನ್ನು ಹಾಸಿಗೆಯ ಮೇಲೆ ಹಾಕಿದ.

"ಅವರಿಗೆ ಗೊತ್ತs ಇರಲಿಲ್ಲಕ್ಕಾ" ಎಂದ.

ನಾಗರತ್ನಾ ಕನಕರಾಯನನ್ನು ಬೈಯಲು ಬಾಯಿ ತೆರೆದಳು. ಆದರೆ ಆ ಮನುಷ್ಯ ಅವಳು ಹೇಳಿದಂತೆಯೇ ಹಾಕಿದ್ದ.