ಸಕ್ಕರೆ ಮುಟ್ಟದ ಸಿಹಿ

ಬೆರಳಿನಿಂದ ಒತ್ತಿದರೆ ಅದು ನಡುಗಿತು. ಇಮಾಮ್‌ಬೀ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದಳು. ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ, ಮೊಸರಿನ ಪಾತ್ರೆಯ ಹಿಂದೆ, ತಟ್ಟೆ ಮುಚ್ಚಿಟ್ಟ ಒಂದು ಗಾಜಿನ ಬಟ್ಟಲು. ಅದರೊಳಗೆ ಎರೆಹೊಲದ ಮಣ್ಣಿನ ಬಣ್ಣದ್ದು ಏನೋ ಹೆಪ್ಪುಗಟ್ಟಿ ಕೂತಿತ್ತು. ಮೊಸರಲ್ಲ, ಹಲ್ವಾ ಅಲ್ಲ. ನಾಲ್ಕು ಮಂದಿ ತಿನ್ನುವ ವಸ್ತುವಾದರೆ ಕಣ್ಣಿಗೆ ಬೀಳುವ ಹಾಗೆ ಮುಂದಿಡುತ್ತಾರೆಯೇ ಹೊರತು ಮುಚ್ಚಿ ಹಿಂದಕ್ಕೆ ತಳ್ಳುವುದಿಲ್ಲ. ಅರವತ್ತು ದಾಟಿದ ಹೆಂಗಸಿಗೆ ಅಷ್ಟೂ ತಿಳಿಯದೆ ಹೋಗುತ್ತದೆಯೆ?

ಸೊಸೆ ಶಾಜಿಯಾ ಅದನ್ನು ಮಾಡುವುದನ್ನು ಹಿಂದಿನ ಸಂಜೆ ನಮಾಜಿನ ಚಾಪೆಯ ಮೇಲೆ ಕೂತು, ತಸಬಿ ಎಣಿಸುವ ನೆಪದಲ್ಲಿ ಅವಳು ಪೂರ್ತಿ ನೋಡಿದ್ದಳು. ತಣ್ಣೀರಿನ ಮೇಲೆ ಯಾವುದೋ ಪುಡಿ ಉದುರಿಸಿ ಬಿಟ್ಟಳು. ಅದು ನೀರು ಕುಡಿದು ಉಬ್ಬಿತು. ಹಾಲಿನ ಕೆನೆ ಬೆಚ್ಚಗೆ ಮಾಡಿ, ಕೋಕೋ ಪುಡಿ ಹಾಕಿ ಗಂಟಿಲ್ಲದಂತೆ ಕಲಸಿ, ಉಬ್ಬಿದ್ದನ್ನು ಅದರೊಳಗೆ ಕರಗಿಸಿದಳು. ಕುದಿಯಲು ಮಾತ್ರ ಬಿಡಲಿಲ್ಲ. ಕೊನೆಗೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಮಸಾಲೆ ಡಬ್ಬಿಗಳ ಹಿಂದಿನಿಂದ ಸಣ್ಣ ಶೀಶೆಯೊಂದನ್ನು ತೆಗೆದು ಕೆಲವು ಹನಿ ಬಿಟ್ಟಳು. ಸಕ್ಕರೆ ಡಬ್ಬಿ ಇದ್ದಲ್ಲೇ ಇತ್ತು. ಸಕ್ಕರೆ ಮುಟ್ಟದೆ ಮಾಡುವ ಸಿಹಿ ಯಾವ ಸೀಮೆಯ ಸಿಹಿ?

ಆ ಪುಡಿ ಏನೆಂದು ಕೇಳಿದ್ದಕ್ಕೆ ಜೆಲಾಟಿನ್ ಎಂದಿದ್ದಳು ಸೊಸೆ, ಚೀನಾ ಗ್ರಾಸ್ ಇದ್ದ ಹಾಗೇ ಎಂದು ಸೇರಿಸಿದ್ದಳು. ಎಷ್ಟೋ ರಂಜಾನಿಗೆ ಇಫ್ತಾರಿನ ಹೊತ್ತಿಗೆಂದು ಚೀನಾ ಗ್ರಾಸ್ ಕುದಿಸಿ ಹೆಪ್ಪುಹಾಕಿದ ಕೈ ಇಮಾಮ್‌ಬೀಯದು. ಚೀನಾ ಗ್ರಾಸ್ ಎಳೆ ಎಳೆಯಾಗಿರುತ್ತದೆ, ಕುದಿಯದೆ ಕರಗುವುದಿಲ್ಲ. ಇವಳು ಯಾರಿಗೆ ಹೇಳುತ್ತಿದ್ದಾಳೆ?

ಬೆಳಿಗ್ಗೆ ಕಿರಾಣಿ ಅಂಗಡಿಯ ಭೀಮೇಶನನ್ನು ವಿಚಾರಿಸಿದಳು. ಅವನು ಅಕ್ಕಿ ತೂಗುತ್ತಲೇ, ಅದು ಪ್ರಾಣಿಗಳ ಎಲುಬು, ಚರ್ಮ ಬೇಯಿಸಿ ತೆಗೆಯುವುದು ಚಾಚಿ ಎಂದ. ಯಾವ ಪ್ರಾಣಿಯದು ಎಂದು ಕೇಳುವ ಧೈರ್ಯ ಇಮಾಮ್‌ಬೀಗೆ ಆಗಲಿಲ್ಲ. ಆ ಹೆಸರು ಅವಳ ನಾಲಿಗೆಯ ಮೇಲೆ ಬರುವಂಥದ್ದಲ್ಲ.

ಮನೆಗೆ ಬರುತ್ತಿದ್ದವಳನ್ನು ಓಣಿಯ ತಿರುವಿನಲ್ಲಿ ಚಾಂದ್‌ಬೀ ತಡೆದಳು. ಓಣಿಯ ಸುದ್ದಿಯನ್ನೆಲ್ಲ ಬಾಯಲ್ಲಿಟ್ಟುಕೊಂಡೇ ತಿರುಗುವವಳು ಈಕೆ. ಶಾಜಿಯಾ ತವರಿಗೆಂದು ಲಿಂಗಸುಗೂರಿನ ಬಸ್ಸು ಹತ್ತಿ ನಡುವೆ ಮಸ್ಕಿಯಲ್ಲೇ ಇಳಿದಿದ್ದನ್ನು ತಾನು ಕಣ್ಣಾರೆ ನೋಡಿದೆನೆಂದೂ, ಅದೂ ಒಮ್ಮೆಯಲ್ಲವೆಂದೂ ಹೇಳಿ, ಶೀಶೆಯ ಸಂಗತಿ ಕೇಳಿದ ಮೇಲಂತೂ ದನಿ ತಗ್ಗಿಸಿದಳು.

"ಮದ್ದು ಹಾಕಾಕತ್ಯಾಳ ನೋಡ ನಿನ್ನ ಮಗಗ. ಗಂಡನ್ನ ಕೈಯಾಗ ಹಿಡಿಯಾಕ."

ತಲೆಯಲ್ಲಿ ಹುಳ ಬಿಡುವುದಕ್ಕೆ ಇಷ್ಟು ಸಾಕಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಮಗ ಇಶ್ತಿಯಾಕನನ್ನು ಕೇಳಿದಳು. ಅವನದು ಸಿಂಧನೂರಿನ ಬಸ್ಟ್ಯಾಂಡಿನ ಹಿಂದೆ ಗಾದಿ ಹೊಲಿಯುವ ಅಂಗಡಿ; ಹತ್ತಿಯ ಲೆಕ್ಕ ಬಿಟ್ಟರೆ ಬೇರೇನೂ ತಲೆಗೆ ಹತ್ತದ ಮನುಷ್ಯ. ಅದೇನೋ ಚಾಕಲೇಟಿನದು ಮಾಡುತ್ತಾಳೆ, ನಾನು ತಿಂದಿಲ್ಲ, ನನಗೆ ಕೊಡುವುದೂ ಇಲ್ಲ ಎಂದ. ತಿಂದವನು ತಿಂದೆ ಎಂದು ಹೇಳಿದ್ದರೆ ಅವಳಿಗೆ ನಂಬಿಕೆ ಬರುತ್ತಿತ್ತು. ಹೆಂಡತಿಯನ್ನು ಕಾಯಲು ಮಗ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅಂದಿನಿಂದ ತನ್ನ ಅನ್ನಕ್ಕೆ ಬೇರೆ ಪಾತ್ರೆ ಇಟ್ಟಳು. ಸೊಸೆಯ ಕೈ ಅಡುಗೆ ತಿನ್ನಬಹುದೋ ಇಲ್ಲವೋ, ಈ ಹುಡುಗಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕೋ ಲಿಂಗಸುಗೂರಿಗೆ ಬಿಟ್ಟು ಬರಬೇಕೋ, ಒಂದು ತೀರ್ಮಾನ ಆಗಲೇಬೇಕಿತ್ತು.

ಅದಕ್ಕೊಂದು ದಾರಿಯೂ ಹೊಳೆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಜುಮೇರಾತಿಗೆ, ಅಂದರೆ ಗುರುವಾರ, ಗಂಡ ಬುಡ್ಡೇಸಾಬನ ವರ್ಷದ ಫಾತೆಹಾ ಇತ್ತು. ಸತ್ತವರ ಹೆಸರಿನಲ್ಲಿ ಓದಿಸಲು ಇಡುವ ಊಟದ ಮುಂದೆ ಹರಾಮಿನ ವಸ್ತುವನ್ನಾಗಲಿ, ಮದ್ದು ಬೆರೆಸಿದ್ದನ್ನಾಗಲಿ ಇಡುವ ಎದೆ ಯಾವ ಹೆಣ್ಣಿಗೂ ಇರುವುದಿಲ್ಲ. ಇಟ್ಟರೆ ಸೊಸೆ ಶುದ್ಧ. ಹಿಂಜರಿದರೆ ಕಳ್ಳಿ.

ಜುಮೇರಾತಿನ ಬೆಳಿಗ್ಗೆ ಶಾಜಿಯಾ ಶೀರಾಕ್ಕೆ ರವೆ ಹುರಿಯುತ್ತಿದ್ದಳು. ಬಟ್ಟಲು ಮತ್ತೆ ತುಂಬಿ ಫ್ರಿಜ್ಜಿನಲ್ಲಿತ್ತು. ಇಮಾಮ್‌ಬೀ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಮನೆಯಲ್ಲಿ ದಖ್ಖನಿ ನಡೆಯುತ್ತಿದ್ದರೂ ಬಳಗಾನೂರಿನ ಗದ್ದೆಗಳಲ್ಲಿ ಬೆಳೆದ ಅವಳಿಗೆ ಸಿಟ್ಟಿನಲ್ಲಿ ಕನ್ನಡವೇ ಸಲೀಸು.

"ಆ ಕರೀದು ಮಾಡೀಯಲ್ಲ, ಅದನ್ನೂ ಇಡು ಫಾತೆಹಾಕ್ಕ. ನಿಮ್ಮ ಮಾವ ಸಿಹಿ ಅಂದ್ರ ಸಾಯ್ತಿದ್ದ."

ಹುರಿಯುವ ಕೈ ನಿಂತಿತು. "ಅದು ಬ್ಯಾಡ್ರಿ ಅಮ್ಮೀ."

"ಯಾಕ?"

"ಎಂಜಲ ಆಗೈತ್ರಿ."

ಓದಿಸುವ ತನಕ ಉಪ್ಪು ನೋಡಲೂ ನಾಲಿಗೆಗೆ ಹಚ್ಚಬಾರದು, ಈ ಮನೆಯ ಕಟ್ಟಳೆ ಅದು. ಆದರೆ ಇಮಾಮ್‌ಬೀ ಅಷ್ಟಕ್ಕೆ ಬಿಡುವವಳಲ್ಲ. ಬಟ್ಟಲು ತೆಗೆದು ತಟ್ಟೆ ಎತ್ತಿದಳು. ನಿಜವೇ, ಒಂದು ಬದಿಯಲ್ಲಿ ಚಮಚದಷ್ಟು ಕುಳಿ ಬಿದ್ದಿತ್ತು. ಯಾರ ಎಂಜಲು ಎಂದು ಕೇಳಿದಳು. ನನ್ನದೇ ಎಂದಳು ಶಾಜಿಯಾ. ತಿನ್ನುವುದನ್ನು ನಾನು ಯಾವತ್ತು ಎಣಿಸಿದ್ದೇನೆ, ಕದ್ದು ಯಾಕೆ ತಿನ್ನುತ್ತೀ, ಮಸ್ಕಿಯಲ್ಲಿ ಯಾಕೆ ಇಳಿಯುತ್ತೀ, ಶೀಶೆಯಲ್ಲಿ ಏನಿದೆ ಎಂದು ಅತ್ತೆ ಒಂದರ ಮೇಲೊಂದು ಎಸೆದಳು. ರವೆ ಸೀಯುವ ವಾಸನೆ ಬಂತು. ಶಾಜಿಯಾ ಒಲೆ ಆರಿಸಿ, ಮುಖ ಗೋಡೆಯ ಕಡೆ ಮಾಡಿಯೇ ಹೇಳಿದಳು.

"ನನಗ ಶುಗರ್ ಬಂದೈತ್ರಿ. ರಕ್ತ ಚೆಕ್ ಮಾಡ್ಸಾಕ ಮಸ್ಕಿಗೆ ಹೋಗತೀನಿ. ಇಲ್ಲಿ ಯಾರರ ನೋಡತಾರಂತ."

ಟ್ರಂಕಿನಿಂದ ಪುಡಿಯ ಡಬ್ಬಿಯನ್ನೂ ತಂದು ತೋರಿಸಿದಳು. ಮೇಲೆ ಅರಬಿಯಲ್ಲಿ ಹಲಾಲ್ ಎಂದು ಬರೆದಿತ್ತು. ಖುರಾನು ಓದುವ ಇಮಾಮ್‌ಬೀಗೆ ಆ ನಾಲ್ಕು ಅಕ್ಷರ ತಿಳಿಯಿತು. ಶೀಶೆಯಲ್ಲಿದ್ದದ್ದು ಯಾವುದೋ ಸಿಹಿ ಎಲೆಯ ರಸ, ಸಕ್ಕರೆಯ ಬದಲಿಗೆ. ಬಾಯಿ ಕೇಳುತ್ತದೆ, ಏನು ಮಾಡಲಿ ಎಂದಳು ಹುಡುಗಿ.

ಹರಾಮಿನ ಭಯ ಹೋಯಿತು, ಮದ್ದಿನ ಭಯವೂ ಹೋಯಿತು. ಆದರೆ ಅವೆರಡಕ್ಕಿಂತ ದೊಡ್ಡದು ಬಂದು ಕೂತಿತು. ಬುಡ್ಡೇಸಾಬ್ ಸತ್ತದ್ದು ಇದೇ ಶುಗರಿನಿಂದ. ಮಾಯದ ಹುಣ್ಣು, ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ಆ ಕಾಲನ್ನು ವರ್ಷಗಟ್ಟಲೆ ತೊಳೆದು ಕಟ್ಟಿದವಳು ಇಮಾಮ್‌ಬೀ. ಅದರ ವಾಸನೆ ಈಗಲೂ ಅವಳ ಮೂಗು ಬಿಟ್ಟಿರಲಿಲ್ಲ. ಅದಕ್ಕೇ ಹೆಣ್ಣು ನೋಡಲು ಹೋದಾಗ ಬಣ್ಣ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಶುಗರ್ ಇದೆಯೇ ಎಂದು ಅದೊಂದನ್ನೇ ಕೇಳಿದ್ದಳು. ಇಲ್ಲ ಎಂದು ಬೀಗರು ಅಲ್ಲಾನ ಹೆಸರು ತೆಗೆದುಕೊಂಡು ಹೇಳಿದ್ದರು.

"ನಿಮ್ಮಪ್ಪ ಸುಳ್ಳು ಹೇಳಿದನೇನು?"

"ನಿಕಾಹ್ ಆಗೋ ಮುಂದ ನನಗ ಇರಲಿಲ್ರಿ. ಮನ್ಯಾಗ ಯಾರಿಗಿತ್ತೋ ನನಗ ಗೊತ್ತಿಲ್ಲ." ಶಾಜಿಯಾ ಈಗ ತಿರುಗಿದಳು. "ಗೊತ್ತಾದ್ರ ನೀವು ನನ್ನ ಬಿಟ್ಟು ಬರತೀರಂತ ಹೇಳಲಿಲ್ಲ. ಇವರಿಗೂ ಹೇಳಿಲ್ಲ."

ಇಮಾಮ್‌ಬೀ ಆ ಮುಖವನ್ನು ದಿಟ್ಟಿಸಿದಳು. ನಂಬಬೇಕೆನಿಸಿತು, ನಂಬಿಕೆ ಬರಲಿಲ್ಲ. ಮಂದಿ ಬಂದು ಹೋಗಲಿ, ಸಂಜೆ ಮಗ ಇರುವಾಗ ಮಾತಾಡೋಣ ಎಂದಷ್ಟೇ ಹೇಳಿ ಸೀದ ರವೆಯನ್ನು ಚೆಲ್ಲಿ, ಬಾಣಲೆ ತೊಳೆದು, ಶೀರಾಕ್ಕೆ ತಾನೇ ಕೂತಳು. ಸಕ್ಕರೆ ಸುರಿಯುವಾಗ ಲೆಕ್ಕ ತಪ್ಪಿ ಎರಡು ಹಿಡಿ ಹೆಚ್ಚೇ ಬಿತ್ತು.

ಮಧ್ಯಾಹ್ನದ ನಮಾಜಿನ ಮೇಲೆ ಓಣಿಯ ಹೆಂಗಸರು ಬಂದರು. ಲೋಬಾನದ ಹೊಗೆ ಎದ್ದಿತು. ಇಶ್ತಿಯಾಕ್ ಕೈಯೆತ್ತಿ ಓದಿದ. ಆಮೇಲೆ ಓದಿಸಿದ ಶೀರಾ ಸಣ್ಣ ಸಣ್ಣ ತಟ್ಟೆಗಳಲ್ಲಿ ಎಲ್ಲರ ಕೈಗೂ ಬಂತು. ಇದು ಬರೀ ತಿಂಡಿಯಲ್ಲ, ಪ್ರಸಾದದಂಥ ತಬರುಕ್; ಬೇಡ ಅನ್ನುವ ಹಾಗಿಲ್ಲ, ಒಂದು ಅಗುಳು ಬಿಡುವ ಹಾಗಿಲ್ಲ. ಶಾಜಿಯಾಳ ಕೈಗೆ ತಟ್ಟೆ ಕೊಟ್ಟವಳು ಚಾಂದ್‌ಬೀ. ಕೊಟ್ಟು ಎದುರಿಗೇ ನಿಂತಳು.

"ಯಾಕ ತಿನ್ನವಲ್ಲಿ? ಮಾವನ ಹೆಸರಿಂದು ಬ್ಯಾಡೇನು?"

ತಟ್ಟೆಗಳ ಮೇಲಿದ್ದ ಕಣ್ಣುಗಳು ಒಂದೊಂದಾಗಿ ಎದ್ದು ಸೊಸೆಯ ಕಡೆ ತಿರುಗಿದವು. ಇಶ್ತಿಯಾಕನೂ ನೋಡಿದ. ತುಪ್ಪದಲ್ಲಿ ಹೊಳೆಯುವ ತುತ್ತನ್ನು ಶಾಜಿಯಾ ಬಾಯಿಯ ತನಕ ಎತ್ತಿದಳು.

ಗೋಡೆಗೊರಗಿ ಕೂತಿದ್ದ ಇಮಾಮ್‌ಬೀ ಯಾವಾಗ ಎದ್ದಳೋ, ತಟ್ಟೆ ಅವಳ ಕೈಯಲ್ಲಿತ್ತು.

"ಇದು ನಂದು. ನನ್ನ ಗಂಡಂದು, ನನಗ ಎರಡು ಪಾಲು ಬರಬೇಕು."

ಸೊಸೆಯ ಬೆರಳುಗಳಲ್ಲಿದ್ದ ತುತ್ತನ್ನೂ ಬಿಡಿಸಿಕೊಂಡು ಬಾಯಿಗೆ ಹಾಕಿಕೊಂಡಳು. ಹೆಂಗಸರು ಮೊದಲು ಬೆರಗಾದರು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕರು. ಗಂಡನ ಫಾತೆಹಾದಲ್ಲಿ ಸೊಸೆಯ ಬಾಯಿಯ ತುತ್ತು ಕಿತ್ತು ತಿಂದಳೆಂಬ ಮಾತು ಸಂಜೆಯೊಳಗೆ ಓಣಿ ದಾಟುತ್ತದೆಂದು ಚಾಂದ್‌ಬೀಯ ಮುಖ ನೋಡಿದರೇ ತಿಳಿಯುತ್ತಿತ್ತು. ಮುದುಕಿಯ ಆಸೆಯನ್ನು ಕಂಡು ಇಶ್ತಿಯಾಕನೂ ನಾಚಿ ತಲೆ ತಗ್ಗಿಸಿದ.

ಇಮಾಮ್‌ಬೀ ಯಾರ ಕಡೆಯೂ ನೋಡದೆ ತಿನ್ನುತ್ತ ಹೋದಳು. ಹೆಚ್ಚು ಬಿದ್ದ ಸಕ್ಕರೆ ನಾಲಿಗೆಗೆ ಅಂಟುತ್ತಿತ್ತು. ಶಾಜಿಯಾ ಅಲ್ಲೇ ನಿಂತಿದ್ದಳು. ಅವಳ ಕೈಗಳು ಇನ್ನೂ ತಟ್ಟೆ ಹಿಡಿದ ಹಾಗೇ ಇದ್ದವು.